ಚಾರ್ಜ್ ಕೊಟ್ಟು ಹೋಗ್ರಿ

ಬಿರುಗಾಳಿ ಬೀಸಿಹೋದ ಮೂರನೆಯ ದಿನ ಬೆಳಿಗ್ಗೆ ಔರಾದದ ಸಬ್‌ಸ್ಟೇಷನ್‌ಗೆ ಹೋದಾಗ ನನ್ನ ಬೂಟಿಗೆ ಎರಡು ದಿನದ ಎರೆಮಣ್ಣು ಹಾಗೇ ಅಂಟಿಕೊಂಡಿತ್ತು. ಕೆರೆದು ತೆಗೆಯುವಷ್ಟು ವ್ಯವಧಾನವೂ ಉಳಿದಿರಲಿಲ್ಲ. ಮೇ ಕೊನೆಯ ಆ ಗಾಳಿ ಚಿಂತಾಕಿ ಕಡೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಮಾರ್ಗದಲ್ಲಿ ಹದಿನಾಲ್ಕು ಕಂಬಗಳನ್ನು ಮಲಗಿಸಿತ್ತು. ನಾನು ಆ ಶಾಖೆಯ ಎಂಜಿನಿಯರ್. ಪಕ್ಕದ ಶಾಖೆಯವರು ರಜೆಯ ಮೇಲಿದ್ದುದರಿಂದ ಅದರ ಚಾರ್ಜೂ ನನ್ನ ತಲೆಯ ಮೇಲಿತ್ತು.

ನಮ್ಮ ಲೈನ್‌ಮ್ಯಾನ್‌ಗಳು ಸಾಲದೆ ಭಾಲ್ಕಿಯಿಂದ ಒಂದು ತಂಡ ಕರೆಸಿಕೊಂಡಿದ್ದೆವು. ಆ ತಂಡದ ಹಿರಿಯ ಲೈನ್‌ಮ್ಯಾನ್ ಸಾಯಗಾಂವದವರು. ವಯಸ್ಸು ಐವತ್ತಾರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಕಡಿಮೆ ಮಾತಿನ ಮನುಷ್ಯ. ಕಂಬ ಹತ್ತುವ ಮೊದಲು ಬೆಲ್ಟನ್ನು ಮೂರು ಸಲ ಎಳೆದು ನೋಡುವುದು, ಆಮೇಲೆ ತಂತಿಗಳಿಗೆ ಅರ್ತಿಂಗ್ ರಾಡ್ ಹಾಕಿಸುವುದು ಅವರ ಪದ್ಧತಿ. ತಂತಿಗೊಂದರಂತೆ ಈ ರಾಡುಗಳು ಮೂರು. ಉದ್ದನೆಯ ಕೋಲಿನ ತುದಿಯಲ್ಲಿ ಕೊಕ್ಕೆ, ಕೊಕ್ಕೆಯಿಂದ ಒಂದು ದಪ್ಪ ತಾಮ್ರದ ಎಳೆ, ಅದರ ಇನ್ನೊಂದು ತುದಿ ನೆಲಕ್ಕೆ ಹೊಡೆದ ಗೂಟಕ್ಕೆ. ತಪ್ಪಿ ಕರೆಂಟ್ ಬಂದರೂ ಅದು ಮನುಷ್ಯನನ್ನು ಬಿಟ್ಟು ಮಣ್ಣಿಗೆ ಇಳಿಯುತ್ತದೆ, ಅದೇ ಕ್ಷಣದಲ್ಲಿ ಸಬ್‌ಸ್ಟೇಷನ್‌ನ ಬ್ರೇಕರ್ ಬಿದ್ದು ವಿದ್ಯುತ್ ಕಡಿಯುತ್ತದೆ.

ಕಂಬ ಹತ್ತಿಸುವ ಮುಂಚೆ ನಾನು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಆಪರೇಟರ್ ಬ್ರೇಕರ್ ಬಿಡಿಸಿ, ಸ್ವಿಚ್ ತೆರೆದು, ಕೀಲಿ ಹಾಕಿ, ರಿಜಿಸ್ಟರ್‌ನಲ್ಲಿ ಒಂದು ನಂಬರ್ ಬರೆದು ನನಗೆ ಹೇಳುತ್ತಾರೆ. ಅಲ್ಲಿಂದ ಆ ಮಾರ್ಗ ನನ್ನ ಜವಾಬ್ದಾರಿ. ಕೆಲಸ ಮುಗಿದು, ಎಲ್ಲರೂ ಇಳಿದು, ರಾಡುಗಳನ್ನು ತೆಗೆದ ಮೇಲೆ ಅದೇ ನಂಬರನ್ನು ಹೇಳಿ ನಾನು ಮಾರ್ಗ ವಾಪಸ್ ಕೊಡಬೇಕು. ಆಮೇಲೆಯೇ ಅವರು ವಿದ್ಯುತ್ ಹರಿಸಬೇಕು. ಹೀಗೆ ಹರಿಸುವುದಕ್ಕೆ ನಮ್ಮವರ ಬಾಯಲ್ಲಿ ಚಾರ್ಜ್ ಮಾಡುವುದು, ಚಾರ್ಜ್ ಕೊಡುವುದು ಎನ್ನುತ್ತಾರೆ.

ಮೊದಲ ದಿನ ಎಲ್ಲವೂ ನಿಯಮದಂತೆ ನಡೆಯಿತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಂಬರ್ ಹೇಳುವುದು ಬಿಟ್ಟುಹೋಯಿತು. "ಮುಗೀತ್ರಿ, ಕೊಡ್ರಿ" ಎಂದರೆ ಸಾಕು, ಆಪರೇಟರ್ ಕೊಡುತ್ತಿದ್ದರು. ನಂಬರನ್ನು ಆಮೇಲೆ ಬರೆದುಕೊಳ್ಳುತ್ತಿದ್ದರು. ಅದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ದಣಿದಿದ್ದೆವು.

ಆ ಆಪರೇಟರ್ ಔರಾದದವರೇ. ಮನೆಯಲ್ಲಿ ದಖ್ಖನಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಎರಡನೆಯ ದಿನ ಹಗಲು ಪಾಳಿ ಮುಗಿಸಿ ಮತ್ತೆ ರಾತ್ರಿ ಹತ್ತರ ಪಾಳಿಗೆ ಬಂದವರು ಮೂರನೆಯ ದಿನ ಮಧ್ಯಾಹ್ನವಾದರೂ ಮನೆಗೆ ಹೋಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಅವರನ್ನು ಬಿಡಿಸಬೇಕಿದ್ದ ಹೊಸ ಆಪರೇಟರ್ ಇರುವುದು ಖಟಕ ಚಿಂಚೋಳಿಯಲ್ಲಿ. ರಸ್ತೆಗೆ ಮರ ಬಿದ್ದು ಭಾಲ್ಕಿಯ ಬಸ್ಸು ಹೊರಟಿರಲಿಲ್ಲ. ಎಂಟು ತಾಸಿನ ಪಾಳಿ ಹದಿನಾರು ತಾಸಿನದಾಯಿತು.

ಆ ಮೂರನೆಯ ದಿನ ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ನಾವು ಚಿಂತಾಕಿಯ ಹತ್ತಿರ ಕೊನೆಯ ಕಂಬದ ಬಳಿ ಇದ್ದೆವು. ಹೊಲದ ಬದುವಿನ ಮೇಲೆ ಏಳೆಂಟು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದರು. ಊರಿನ ಬೋರ್‌ವೆಲ್ ಮೂರು ದಿನದಿಂದ ನಿಂತಿತ್ತು. ಅವರಲ್ಲಿ ಒಬ್ಬ ಮುದುಕಿ ನನ್ನನ್ನು ಬಿಡಲಿಲ್ಲ. "ಏನ್ ಮೇಡಂ ಬಾಯಿ, ಕರೆಂಟ್ ಬಿಡಾಕ ಮುಹೂರ್ತ ನೋಡ್ಲತ್ತೀರೇನ? ಅಯ್ನೋರಿಗಿ ಕರೀಲೇನು?" ಎಂದಳು. ಉಳಿದವರು ನಕ್ಕರು. ನಗಬೇಕೆನಿಸಿದರೂ ನನಗೆ ನಗು ಬರಲಿಲ್ಲ.

ನಾನು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ, ಇನ್ನು ಮುಕ್ಕಾಲು ತಾಸಿನ ಕೆಲಸ ಇದೆ, ಎರಡಕ್ಕೆ ಚಾರ್ಜ್ ಕೊಡಬಹುದು ಎಂದೆ. ಆಪರೇಟರ್ ಆಯಿತು ಎಂದರು. ಇಲ್ಲಿ ಚಾರ್ಜ್ ಎಂದರೆ ಮಾರ್ಗಕ್ಕೆ ಕೊಡುವ ವಿದ್ಯುತ್. ಈ ಕರೆಯನ್ನು ನಾನು ಆಮೇಲೆ ಮರೆತೇಬಿಟ್ಟೆ. ಅವರು ಮರೆತಿರಲಿಲ್ಲ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಅವರೇ ಫೋನ್ ಮಾಡಿದರು. ನನ್ನ ಫೋನು ಕೊನೆಯ ಉಸಿರಿನಲ್ಲಿತ್ತು. ಬೆಳಿಗ್ಗೆ ಜೀಪಿನಲ್ಲಿ ಚುಚ್ಚಿದ್ದ ವೈರು ಸಡಿಲವಾಗಿದ್ದು ನೋಡಿರಲಿಲ್ಲ. ಹೊಸ ಆಪರೇಟರ್ ಬಂದಿದ್ದಾರೆ, ಹೊರಗೆ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾರೆ, ಇನ್ನು ತಾವು ಮನೆಗೆ ಹೋಗಬಹುದೇ ಎಂದು ಕೇಳಿದರು. ಅವರ ದನಿ ನಿದ್ದೆಯಲ್ಲಿ ನೆನೆದಂತೆ ಇತ್ತು.

"ಹೂಂ, ಚಾರ್ಜ್ ಕೊಟ್ಟು ಹೋಗ್ರಿ," ಎಂದೆ. "ನನ್ನ ಫೋನಿನ್ಯಾಗ ಚಾರ್ಜ್ ಇಲ್ಲ."

ಅಷ್ಟರಲ್ಲಿ ಫೋನು ಆರಿತು.

ಪಾಳಿಯ ಚಾರ್ಜನ್ನು ಬಂದವರಿಗೆ ಒಪ್ಪಿಸಿ ಹೋಗಿ ಎಂಬುದು ನನ್ನ ಮಾತಿನ ಅರ್ಥ. ಮಾರ್ಗಕ್ಕೆ ಚಾರ್ಜ್ ಕೊಟ್ಟು ಹೋಗಿ ಎಂದು ಅವರು ಕೇಳಿಸಿಕೊಂಡರು. ಎರಡಕ್ಕೆ ಕೊಡಬಹುದು ಎಂದು ನಾನೇ ಹೇಳಿದ್ದೆ, ಎರಡಾಗುತ್ತ ಬಂದಿತ್ತು. ಖಚಿತ ಮಾಡಿಕೊಳ್ಳಲು ಮತ್ತೆ ಎರಡು ಸಲ ಫೋನ್ ಮಾಡಿದರಂತೆ. ಸ್ವಿಚ್ ಆಫ್ ಎಂದು ಬಂತಂತೆ. ಎದ್ದು ಕೀಲಿ ತೆಗೆಯಲು ಹೋದರು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನಾನು ಕಂಬದ ಕೆಳಗೆ ನಿಂತು ಮೇಲೆ ನೋಡುತ್ತಿದ್ದೆ. ಕಾಕಾ ಕೊನೆಯ ಜಂಪರ್ ಬಿಗಿಯುತ್ತಿದ್ದರು, ಅಂದರೆ ಒಂದು ಕಡೆಯ ತಂತಿಯನ್ನು ಇನ್ನೊಂದು ಕಡೆಯದಕ್ಕೆ ಸೇರಿಸುವ ತುಂಡು. ಇನ್ನು ಎರಡು ಬೋಲ್ಟು ಉಳಿದಿದ್ದವು. ಬದುವಿನ ಮೇಲೆ ಮುದುಕಿ ಮತ್ತೆ ಏನೋ ಅಂದಳು. ನನಗೆ ಒಮ್ಮೆ ಮುಗಿದರೆ ಸಾಕಾಗಿತ್ತು. ಕೆಳಗೆ ರಾಡುಗಳ ಬಳಿ ನಿಂತಿದ್ದ ಎರಡನೆಯ ಲೈನ್‌ಮ್ಯಾನ್‌ಗೆ, ರಾಡು ತೆಗೆಯಲು ಶುರು ಮಾಡಿ, ಅಷ್ಟರಲ್ಲಿ ಕಾಕಾ ಇಳಿಯುತ್ತಾರೆ ಎಂದೆ. ಅವರು ಕೊಕ್ಕೆ ಬಿಡಿಸಲು ಮೊದಲ ಕೋಲಿಗೆ ಕೈ ಹಾಕಿದರು.

ಕಾಕಾ ಮೇಲಿನಿಂದ ಬಗ್ಗಿ ನೋಡಿದರು. "ಯಾರ್ ಹೇಳಿದ್ರು ತೆಗೀ ಅಂತ?"

"ಮೇಡಂ ಹೇಳ್ಯಾರ."

"ಮೇಡಂಗ ಹೇಳು, ನಾ ನೆಲಕ್ಕ ಬರೂ ತನಕ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ ಅಂತ."

ನಾನು ಹತ್ತು ಅಡಿ ದೂರದಲ್ಲೇ ಇದ್ದೆ. ನನಗೇ ನೇರವಾಗಿ ಹೇಳದೆ ಇನ್ನೊಬ್ಬರ ಕೈಯಲ್ಲಿ ಹೇಳಿಸಿದ್ದು ಒಳಗೆ ಚುಚ್ಚಿತು. ಉಳಿದವರ ಎದುರಿಗೆ ಹೆಣ್ಣುಮಗಳ ಮಾತು ನಡೆಯುವುದಿಲ್ಲ ಎಂದು ತೋರಿಸಿದರೇನೋ ಎಂದೂ ಅನಿಸಿತು. ಹಟ ಮಾಡಬಹುದಿತ್ತು. ಆದರೆ ಹಟ ಮಾಡುವಷ್ಟು ಶಕ್ತಿ ಇರಲಿಲ್ಲ. ಇರಲಿ ಬಿಡಿ ಎಂದೆ. ಎರಡನೆಯವರು ಕೋಲು ಬಿಟ್ಟು ಹಿಂದೆ ಸರಿದರು. ಸರಿದು ಒಂದು ನಿಮಿಷವೂ ಆಗಿರಲಿಲ್ಲ.

ಒಂದು ಹೊಡೆತದ ಸದ್ದು. ಬಿಸಿಲಲ್ಲೂ ಕಣ್ಣು ಕುಕ್ಕುವ ನೀಲಿ ಬೆಳಕು. ನಡುವಿನ ತಂತಿಯ ಕೊಕ್ಕೆ ಸಿಡಿದು, ಕೋಲಿನ ಸಮೇತ ನನ್ನ ಎದುರಿನ ಮಣ್ಣಿನಲ್ಲಿ ಬಿತ್ತು. ಮೇಲೆ ನೋಡಿದರೆ ಕಾಕಾ ಬೆಲ್ಟಿನಲ್ಲಿ ಹಿಂದಕ್ಕೆ ಜೋತುಬಿದ್ದಿದ್ದರು. ಎರಡೂ ಕೈ ಇಳಿಬಿದ್ದಿದ್ದವು. ಬದುವಿನ ಹೆಂಗಸರು ಎದ್ದು ನಿಂತರು.

ನನಗೆ ಆಗ ಹೊಳೆದದ್ದು ಒಂದೇ. ಬ್ರೇಕರ್ ಬಿದ್ದಿದೆ. ಬಿದ್ದರೆ ಆಪರೇಟರ್‌ಗಳು ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಕೊಟ್ಟು ನೋಡುತ್ತಾರೆ. ಗಾಳಿಗೆ ಯಾವುದೋ ಟೊಂಗೆ ತಾಗಿದ್ದರೆ ಎರಡನೆಯ ಸಲ ಬ್ರೇಕರ್ ಬೀಳದೆ ಕರೆಂಟ್ ಉಳಿಯುತ್ತದೆ ಎಂಬ ನಂಬಿಕೆ. ಈಗ ನಡುವಿನ ತಂತಿಗೆ ರಾಡು ಇಲ್ಲ. ಕಾಕಾರ ಮೊಣಕೈ ಆ ತಂತಿಯಿಂದ ಒಂದು ಗೇಣು ದೂರದಲ್ಲಿತ್ತು.

ನನ್ನ ಫೋನು ಸತ್ತಿತ್ತು. ಕೆಲಸ ಮಾಡುವವರ ಫೋನುಗಳನ್ನೆಲ್ಲ ಜೀಪಿನಲ್ಲಿಡುವುದು ನಾನೇ ಮಾಡಿದ ನಿಯಮ. ಜೀಪು ರಸ್ತೆಯಲ್ಲಿತ್ತು, ಮಧ್ಯೆ ಇನ್ನೂರು ಹೆಜ್ಜೆ ಹಸಿ ಎರೆ ಹೊಲ. ಬಿದ್ದ ಕೊಕ್ಕೆಯನ್ನು ಮತ್ತೆ ಹಾಕಿ ಎಂದು ಎರಡನೆಯವರಿಗೆ ಕೂಗಿ ಓಡಿದೆ. ಓಡಿದೆ ಎನ್ನುವುದು ಸುಳ್ಳು, ಪ್ರತಿ ಹೆಜ್ಜೆಗೂ ಬೂಟು ಭಾರವಾಗುತ್ತ ಹೋಯಿತು. ಒಂದು ಬೂಟು ಮಣ್ಣಿನಲ್ಲೇ ಉಳಿಯಿತು. ಜೀಪಿನ ಚಾಲಕರ ಬಳಿ ಸಬ್‌ಸ್ಟೇಷನ್‌ನ ನಂಬರ್ ಇತ್ತು, ಅದೃಷ್ಟ. ಮೊದಲ ಸಲ ಬೇರೆ ಕರೆಯಲ್ಲಿದ್ದಾರೆ ಎಂದು ಬಂತು. ಎರಡನೆಯ ಸಲವೂ. ಮೂರನೆಯ ಸಲ ಎತ್ತಿದರು. ಹಳೆಯ ಆಪರೇಟರ್ ಅಲ್ಲ, ಹೊಸಬರು.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. "ಮೇಡಂ, ರಿಜಿಸ್ಟರ್‌ನ್ಯಾಗ ಲೈನ್ ಕ್ಲಿಯರ್ ವಾಪಸ್ ಬಂದಿಲ್ಲರಿ. ನಾ ಸ್ವಿಚ್ ತೆರದು ಕೀಲಿ ಹಾಕೀನಿ. ಕೀಲಿ ನನ್ನ ಕಿಸೇದಾಗ ಅದ. ನೀವು ನಂಬರ್ ಹೇಳೂ ತನಕ ಕೊಡಂಗಿಲ್ಲ."

ನಾಲ್ಕು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವರು. ಪ್ರತಿಯೊಂದಕ್ಕೂ ರಿಜಿಸ್ಟರ್ ತೆರೆದು ನೋಡುತ್ತಾರೆಂದು ಹಳಬರು ಅವರನ್ನು ನಗೆಯಾಡುತ್ತಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೆ. ಬ್ರೇಕರ್ ಬಿದ್ದ ಸದ್ದು ಕೇಳಿ ಒದ್ದೆ ಮುಖದಲ್ಲೇ ಒಳಗೆ ಓಡಿ, ಹಳೆಯವರು ಎರಡನೆಯ ಸಲ ಕೊಡಲು ಕೈ ಚಾಚಿದಾಗ ಅಡ್ಡ ನಿಂತು, ಯಾವ ನಂಬರ್ ವಾಪಸ್ ಬಂತು ಎಂದು ಕೇಳಿದ್ದಾರೆ.

ಆಮೇಲೆ ಹಳೆಯ ಆಪರೇಟರ್ ಫೋನು ತೆಗೆದುಕೊಂಡರು. "ಆಪೀಚ್ ಬೋಲೇ ನಾ ಮೇಡಂ," ಎಂದರು, ಬಹಳ ಮೆಲ್ಲಗೆ. "ಚಾರ್ಜ್ ಕೊಟ್ಟು ಹೋಗ್ರಿ ಅಂತ ನೀವೇ ಹೇಳಿದ್ರಿ."

ನಾನು ರಸ್ತೆಯ ಅಂಚಿಗೆ ಕುಳಿತುಬಿಟ್ಟೆ.

ಕಂಬದ ಬಳಿ ಮರಳಿದಾಗ ಕಾಕಾಗೆ ಪ್ರಜ್ಞೆ ಬಂದು, ಎರಡನೆಯವರು ಹತ್ತಿ ಅವರನ್ನು ಇಳಿಸುತ್ತಿದ್ದರು. ಬಲ ಮುಂಗೈ ಕೆಂಪಾಗಿ ಸುಟ್ಟಿತ್ತು, ರೋಮ ಸುಟ್ಟ ವಾಸನೆ. ಚಿಂತಾಕಿಯ ಮುದುಕಿ ತನ್ನ ಸೆರಗಿನಿಂದ ಅವರ ಮುಖ ಒರೆಸಿದಳು. ಕಾಕಾ ನೀರು ಕೇಳಿದರು. ಯಾರ ಕೊಡದಲ್ಲೂ ನೀರಿರಲಿಲ್ಲ. ಜೀಪಿನಿಂದ ಬಾಟಲಿ ತರಿಸಿದೆವು. ಕುಡಿದು ನನ್ನನ್ನು ನೋಡಿ ಕೇಳಿದರು.

"ಯಾರು ಕೊಟ್ರು?"

"ಆಪರೇಟರ್ ಕೊಟ್ಟಾರ," ಎಂದೆ.

ಆ ಉತ್ತರ ಸುಳ್ಳಲ್ಲ. ಅದೇ ಅದರ ಕೆಟ್ಟತನ.

ಔರಾದದ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದರು. ಎದೆಯ ಬಡಿತ ನೋಡಲು ಮರುದಿನದವರೆಗೆ ಇರಿಸಿಕೊಂಡರು. ಸಂಜೆ ನಾನು ಹೋದಾಗ ಹಳೆಯ ಆಪರೇಟರ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು, ಅದೇ ಬಟ್ಟೆಯಲ್ಲಿ. ಇನ್ನೂ ಮನೆಗೆ ಹೋಗಿರಲಿಲ್ಲ. ಅವರೂ ಕಾಕಾರೂ ಇಪ್ಪತ್ತು ವರ್ಷದ ಪರಿಚಯದವರು. ಒಬ್ಬರ ಮಕ್ಕಳ ಮದುವೆಯಲ್ಲಿ ಇನ್ನೊಬ್ಬರು ಬಡಿಸಿದವರು. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಅರ್ಧ ತಾಸು ಅಲ್ಲಿದ್ದೆ. ಅಷ್ಟೂ ಹೊತ್ತು ಅವರು ಈ ಕಡೆ ತಿರುಗಲಿಲ್ಲ. ಆಪರೇಟರ್ ತಾವಾಗಿ ಏನೂ ಹೇಳಲಿಲ್ಲ. ನಾನು ಹೇಳಬಹುದಿತ್ತು. ಹೇಳಲಿಲ್ಲ.

ನಾಲ್ಕು ದಿನದ ಮೇಲೆ ಬೀದರಿನ ಕಚೇರಿಯಿಂದ ಕರೆ ಬಂತು. ವಿವರಣೆ ಬರೆದುಕೊಂಡು ಬರಬೇಕಿತ್ತು. ನಮ್ಮಲ್ಲಿ ಇಂಥ ವರದಿಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಎಂಜಿನಿಯರುಗಳ ಅಭ್ಯಾಸ. ನಾನೂ ಹಾಗೇ ಬರೆದೆ. ಪಾಳಿಯ ಹೊಣೆಯನ್ನು ಬದಲಿ ನೌಕರನಿಗೆ ಹಸ್ತಾಂತರಿಸುವಂತೆ ಆಪರೇಟರ್‌ಗೆ ಸೂಚಿಸಿದೆ, ಆದರೆ ಅವರು ಮಾರ್ಗಕ್ಕೆ ವಿದ್ಯುತ್ ಹರಿಸಿದರು ಎಂದು. ಬರೆದು ಓದಿಕೊಂಡೆ. ತಪ್ಪಿಲ್ಲದ ಇಂಗ್ಲಿಷು. ಅದನ್ನು ಓದಿದ ಯಾರಿಗೂ ಗೊಂದಲವಾಗುವುದಿಲ್ಲ. ಇಷ್ಟು ಸ್ಪಷ್ಟವಾದ ಸೂಚನೆಯನ್ನು ತಪ್ಪು ತಿಳಿದವನು ಒಂದೋ ದಡ್ಡ, ಇಲ್ಲವೇ ಕುಡಿದಿದ್ದ ಎನ್ನಬೇಕು.

ಆಗ ನನಗೆ ತಿಳಿಯಿತು. ಇಂಗ್ಲಿಷಿನವರು ಚಾರ್ಜ್ ಎಂಬ ಪದವನ್ನು ಪಾಳಿ ಒಪ್ಪಿಸುವಾಗ ಒಂದು ರೀತಿ, ತಂತಿಗೆ ವಿದ್ಯುತ್ ಹರಿಸುವಾಗ ಇನ್ನೊಂದು ರೀತಿ ಬಳಸುತ್ತಾರೆ. ನಾವು ಅದನ್ನು ಕಡ ತಂದು, ಪಕ್ಕದಲ್ಲಿ ನಮ್ಮ "ಕೊಡು" ಒಂದನ್ನೇ ಇಟ್ಟೆವು. ಪಾಳಿಗೂ ಚಾರ್ಜ್ ಕೊಡು, ಲೈನಿಗೂ ಚಾರ್ಜ್ ಕೊಡು, ಫೋನಿಗೂ ಆಟೋದವನಿಗೂ ಅದೇ. ಲಾಠಿ ಹಿಡಿದ ಪೊಲೀಸರೂ ಚಾರ್ಜ್ ಮಾಡುತ್ತಾರೆ, ಕೋರ್ಟಿನಲ್ಲಿ ಹಾಕುವುದೂ ಚಾರ್ಜೇ. ಕಾಲೇಜಿನಲ್ಲಿ ಇದೇ ಪದದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಅಂಕ ಪಡೆದವಳು ನಾನು. ತಪ್ಪು ಹುಟ್ಟಿದ್ದು ಕನ್ನಡದಲ್ಲಿ, ನನ್ನ ಬಾಯಲ್ಲಿ. ಇಂಗ್ಲಿಷಿಗೆ ತಿರುಗಿಸಿದ ಕೂಡಲೇ ಅದು ಮಾಯವಾಗಿ ಇನ್ನೊಬ್ಬನ ತಲೆಗೆ ಹೋಗಿ ಕೂತಿತ್ತು.

ಆ ಹಾಳೆಯನ್ನು ಹರಿದೆ. ಹೊಸ ಹಾಳೆಯಲ್ಲಿ ಕನ್ನಡದಲ್ಲಿ, ನಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದೆ. ಒಂದೂಕಾಲಿನ ಕರೆಯನ್ನೂ, ನಂಬರ್ ಬಿಟ್ಟುಹೋದದ್ದನ್ನೂ, ರಾಡು ತೆಗೆಯಲು ನಾನು ಹೇಳಿದ್ದನ್ನೂ ಸೇರಿಸಿದೆ.

ಬೀದರಿನಲ್ಲಿ ಮೇಲಧಿಕಾರಿ ಅದನ್ನು ಓದಿದರು. ಅವರೂ ಈ ಭಾಗದವರೇ. ನನ್ನ ವಾಕ್ಯದ ಹತ್ತಿರ ಬೆರಳು ನಿಲ್ಲಿಸಿ ಕೇಳಿದರು. "ಚಾರ್ಜ್ ಕೊಟ್ಟು ಹೋಗ್ರಿ ಅಂತ ನೀವೇ ಅಂದೀರಿ. ಅಂವ ಕೊಟ್ಟಾನ. ಮತ್ತ ಹೇಳಿದ್ದಕ್ಕೂ ಮಾಡಿದ್ದಕ್ಕೂ ಫರಕ್ ಏನದ ಇದರಾಗ?"

ಅವರು ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಪರೇಟರ್ ಕೇಳಿಸಿಕೊಂಡ ಅರ್ಥವನ್ನೇ ಅವರೂ ಹಿಡಿದಿದ್ದರು.

ಹಳೆಯ ಆಪರೇಟರನ್ನು ಅಮಾನತು ಮಾಡಲಿಲ್ಲ. ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು, ನನ್ನದು ಅವರದಕ್ಕಿಂತ ಉದ್ದ. ಸರಿಯಾಗೇ ಇತ್ತು.

ನಿದ್ದೆ ಮಾತ್ರ ಸರಿಹೋಗಲಿಲ್ಲ. ಮಾಡುವ ಕೆಲಸದ ಮಧ್ಯೆ, ಕಾಯಿಪಲ್ಯ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಎರಡನೆಯವರ ಕೈ ಮೊದಲ ಕೋಲನ್ನು ಹಿಡಿದು ನಿಂತದ್ದು ಕಾಣುತ್ತದೆ. ಕಾಕಾ ಬಗ್ಗಿ ನೋಡದಿದ್ದರೆ ಮೂರು ಕೊಕ್ಕೆಗಳೂ ಬರುತ್ತಿದ್ದವು. ಪ್ರತಿ ಸಲ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಪ್ರತಿ ಸಲ ಅವರು ಬಗ್ಗಿ ನೋಡುತ್ತಾರೆ, ಆದರೂ ನಾನು ಕೊಕ್ಕೆಗಳನ್ನು ಮತ್ತೆ ಎಣಿಸುತ್ತೇನೆ.

ಮೂರು ವಾರದ ಮೇಲೆ ಒಂದು ಭಾನುವಾರ ಸಾಯಗಾಂವಕ್ಕೆ ಹೋದೆ. ಕಾಕಾ ಅಂಗಳದಲ್ಲಿ ಕುಳಿತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದರು. ಅವರ ಹೆಂಡತಿ ಚಹಾ ಕೊಟ್ಟು ಒಳಗೆ ಹೋದರು. ನಾನು ಬಂದ ಕಾರಣವನ್ನು ಹೇಳಿದೆ. ಆ ದಿನ ಆಪರೇಟರ್ ಕೊಟ್ಟರು ಎಂದಿದ್ದೆ, ಆದರೆ ಕೊಡಿ ಎಂದವಳು ನಾನೇ, ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ ಎಂದೆ. ಕಾಕಾ ಸುಲಿಯುತ್ತಲೇ ಇದ್ದರು.

"ದವಾಖಾನ್ಯಾಗ ಅಂವ ಇದನ್ನ ಯಾಕ ಹೇಳಲಿಲ್ಲ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು. ನಾನು ಅಲ್ಲೇ ನಿಂತಿದ್ದೆ, ನಾನೇ ಹೇಳಲಿ ಎಂದು ಆಪರೇಟರ್ ಕಾದಿದ್ದರು.

"ಇಪ್ಪತ್ತ ದಿನ ಆಯ್ತು. ದಿನಾ ಒಂದ ಸಲ ಫೋನ್ ಮಾಡ್ತಾನ. ನಾ ಎತ್ತಿಲ್ಲ," ಎಂದರು. ಶೇಂಗಾದ ಬುಟ್ಟಿ ಸರಿಸಿ, ಫೋನ್ ತೆಗೆದುಕೊಂಡು, ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲೇ ಒತ್ತಿದರು. ಆ ಕಡೆ ಎತ್ತಿದ್ದು ತಿಳಿಯಿತು. ಕಾಕಾ ಫೋನನ್ನು ಕಿವಿಗೆ ಹಚ್ಚಿದರು. ಆಮೇಲೆ "ಊಟ ಆಯ್ತೇನೋ?" ಎಂದರು.

ಎದ್ದು ಹೊರಟಾಗ ಬಾಗಿಲವರೆಗೆ ಬಂದರು. ಮುಂದಿನ ತಿಂಗಳು ಕೆಲಸಕ್ಕೆ ಬರುತ್ತೇನೆ ಎಂದರು. "ಆದ್ರ ಒಂದು. ಕಂಬ ಹತ್ತಿದಂವ ನಾ. ಲೈನ್ ವಾಪಸ್ ಕೊಡೂದೂ ನಾನೇ ಕೊಡ್ತೇನಿ. ನೀವು ನಡುವ ಬರಬ್ಯಾಡ್ರಿ."

ಆಗಲಿ ಎಂದೆ.

ಜುಲೈಯಲ್ಲಿ ಅವರು ಮತ್ತೆ ಔರಾದಕ್ಕೆ ಬಂದರು. ಊರ ಹೊರಗಿನ ಒಂದು ಕಂಬದ ಇನ್ಸುಲೇಟರ್ ಒಡೆದಿತ್ತು, ಸಣ್ಣ ಕೆಲಸ. ಮುಗಿಸಿ ಇಳಿದು, ರಾಡುಗಳನ್ನು ಒಂದೊಂದಾಗಿ ತೆಗೆಸಿ, ಎಣಿಸಿ, ನನ್ನ ಕೈಯಿಂದ ಫೋನು ತೆಗೆದುಕೊಂಡರು. ಲೈನ್ ಕ್ಲಿಯರಿನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು. "ಮೂರೂ ಮಂದಿ ಕೆಳಗ ಅದೀವಿ. ರಾಡ್ ತೆಗದೀವಿ. ಕರೆಂಟ್ ಬಿಡು." ಆ ಕಡೆಯಿಂದ ಹಳೆಯ ಆಪರೇಟರ್ ಅಷ್ಟನ್ನೂ ಹಾಗೇ ತಿರುಗಿಸಿ ಹೇಳಿದ್ದು ನನಗೂ ಕೇಳಿಸಿತು.

ಕಾಕಾ ನನ್ನ ಕಡೆ ನೋಡಿದರು, ಸರಿಯೇ ಎನ್ನುವಂತೆ. ನಾನು ತಲೆಯಾಡಿಸಿದೆ. ಬಾಯಿ ತೆರೆಯಲಿಲ್ಲ.